ಅರ್ಧ ನೇಯ್ದ ಸೆರಗು

“ಮನಿ ಪೂರಾ ನಿಮ್ಮದು, ಅಳಿಯಾರ. ಒಳಗಿನ ಖೋಲ್ಯಾಗಿನ ಆ ಕಲ್ಲ ಒಂದ ಮುಟ್ಟಬ್ಯಾಡ್ರಿ.”

ಶಿವಸಂಗಪ್ಪ ಇಳಕಲ್ಲಿನ ಆ ಮನೆಗೆ ಮನೆಅಳಿಯನಾಗಿ ಬಂದ ದಿನ, ಕಾಲಿಗೆ ನೀರು ಕೊಡುತ್ತಲೇ ಬಾಳವ್ವ ಹೇಳಿದ ಮಾತು ಇದು. ಅವನು ನಕ್ಕುಬಿಟ್ಟ. ನಗದೆ ಏನು ಮಾಡಿಯಾನು? ಸೊಲ್ಲಾಪುರದ ಗಿರಣಿಯಲ್ಲಿ ಉಗಿಯಂತ್ರದ ಮಗ್ಗುಲಲ್ಲಿ ನಿಂತು ದುಡಿದವನು. ಪ್ಲೇಗು ಬಂದು ತಂದೆತಾಯಿ ಇಬ್ಬರನ್ನೂ ಒಂದೇ ವಾರದಲ್ಲಿ ಒಯ್ದಾಗ ಹರಕೆ, ತಾಯತ, ಮಂತ್ರಿಸಿದ ನಿಂಬೆಹಣ್ಣು ಯಾವುದೂ ಅಡ್ಡ ಬರಲಿಲ್ಲವೆಂಬುದನ್ನು ಕಣ್ಣಾರೆ ಕಂಡವನು. ಅಂಥವನಿಗೆ ಕಲ್ಲಿನ ಹೆದರಿಕೆ ಹೇಳುವುದೆಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆಯೇ ಸರಿ.

“ಕಲ್ಲಿನ ಬುಡಕ ಏನೈತ್ರಿ ಅತ್ತಿ? ಹಾವೋ, ದೆವ್ವೋ?” ಎಂದ.

“ನನ್ನ ಗಂಡ ಅದಾರ,” ಎಂದಳು ಬಾಳವ್ವ, ಚೊಂಬು ಕೆಳಗಿಡುತ್ತ.

ಬಾಳವ್ವ ಅವನ ಖಾಸಾ ಅತ್ತೆಯಲ್ಲ. ಹೆಂಡತಿ ಯಮನವ್ವನ ದೊಡ್ಡವ್ವ. ಹೆತ್ತವರು ಬೇಗ ಹೋದದ್ದರಿಂದ ಯಮನವ್ವನನ್ನು ಸಾಕಿ ಬೆಳೆಸಿದ್ದು ಈ ವಿಧವೆಯೇ. ಕಣ್ಣು ಮಂಜಾಗಿದ್ದರೂ ದಿನವಿಡೀ ಪಡಸಾಲೆಯಲ್ಲಿ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಅವಳ ಗಂಡ ಗುರಲಿಂಗಪ್ಪನ ಕತೆ ಓಣಿಗೆಲ್ಲ ಗೊತ್ತಿತ್ತು. ಆದರೆ ಹೇಳುವವರು ದನಿ ತಗ್ಗಿಸಿಯೇ ಹೇಳುತ್ತಿದ್ದರು.

ಗುರಲಿಂಗಪ್ಪ ಒಳ್ಳೆಯ ನೇಕಾರ. ಮಹಾಕೂಟದ ಕಡೆಯಿಂದ ಬಂದ ಒಬ್ಬ ಸಾಧು ಅವನಿಗೊಂದು ವಿದ್ಯೆ ಹೇಳಿಕೊಟ್ಟ. ಮನುಷ್ಯನ ಬೆನ್ನಿನ ಬುಡದಲ್ಲಿ ಮೂರೂವರೆ ಸುತ್ತು ಹಾಕಿ ಮಲಗಿದ ಹಾವೊಂದಿದೆ, ಅದರ ಹೆಸರು ಕುಂಡಲಿನಿ. ಎಬ್ಬಿಸಿದರೆ ಅದು ಬೆನ್ನು ಹಿಡಿದು ಏರುತ್ತದೆ. ಏರಿ ಏರಿ ನೆತ್ತಿಯ ಬಾಗಿಲು ತೆರೆದುಕೊಂಡು ಹೋದರೆ ಅವನಿಗೆ ಮರುಹುಟ್ಟಿಲ್ಲ. ಅದಕ್ಕೆ ನೇಕಾರ ಗುಡ್ಡದ ಗವಿ ಹುಡುಕಬೇಕಾಗಿಲ್ಲ, ಮಗ್ಗದಡಿ ಕಾಲು ಇಳಿಬಿಟ್ಟು ಕೂಡುವ ಕುಣಿಯೇ ಸಾಕು. ಎಡಗಾಲಿನ ಮೆಟ್ಟು ಇಡಾ ನಾಡಿ, ಬಲಗಾಲಿನದು ಪಿಂಗಳಾ ನಾಡಿ, ನಡುವೆ ಓಡಾಡುವ ಲಾಳಿಯೇ ಉಸಿರು. ಗುರಲಿಂಗಪ್ಪ ಹಾಗೆಯೇ ಕೂತ. ವರ್ಷಗಟ್ಟಲೆ ಕೂತ. ಕಡೆಕಡೆಗೆ ಅವನ ಬೆನ್ನ ಮೇಲೆ ಹಸಿ ಬಟ್ಟೆ ಹಾಕಿದರೆ ನೋಡುನೋಡುತ್ತಲೇ ಒಣಗುತ್ತಿತ್ತಂತೆ. ಒಂದು ದಿನ, ಸೀರೆಯ ಸೆರಗು ನೇಯುತ್ತಿದ್ದಾಗ, ಗಂಟಲು ಉಬ್ಬಿ ಬುಸುಗುಟ್ಟತೊಡಗಿದ.

ತಮ್ಮ ರಾಮಲಿಂಗಪ್ಪ, ಅಂದರೆ ಯಮನವ್ವನ ಅಪ್ಪ, ಹೆದರಿ ಒಬ್ಬ ಮಾಟಗಾರನನ್ನು ಕರೆತಂದ. ಅಣ್ಣ ಸಾಯಬಾರದು ಎಂಬುದಷ್ಟೇ ಪಾಪ ಅವನ ಆಸೆ. ಮಾಟಗಾರ ಗುರಲಿಂಗಪ್ಪನನ್ನು ಕುಣಿಯಿಂದ ಎತ್ತಿಸಿದ. ಕುಣಿಯ ಬಾಯಿಗೆ ನಾಗರಕಲ್ಲೊಂದನ್ನು ತಲೆಕೆಳಗು ಮಾಡಿ ಮುಚ್ಚಿದ. ಕಲ್ಲಿನ ಹಾವಿನ ಸುತ್ತಿನ ನಡುವಿನ ತೂತಿಗೆ ಗೇಣುದ್ದದ ಕಬ್ಬಿಣದ ಮೊಳೆ ಬಡಿದ. ದೀಪ ಹಿಡಿದವಳು ಬಾಳವ್ವ. ಏರುತ್ತಿದ್ದದ್ದು ಗಂಟಲಲ್ಲೇ ನಿಂತಿತು. ಗುರಲಿಂಗಪ್ಪ ನೀರು ನೀರು ಎಂದ. ಈಗ ನೀರು ಕೊಟ್ಟರೆ ಹಾವು ಮತ್ತೆ ಏಳುತ್ತದೆ ಎಂದು ಮಾಟಗಾರ ಕೊಡಗೊಡಲಿಲ್ಲ. ಹೊತ್ತು ಮುಳುಗುವಾಗ ಅವನು ಸತ್ತ.

ಸಾಯುವ ಮುಂಚೆ ಒಂದು ಮಾತು ಆಡಿದ್ದ. “ನನ್ನ ಅರ್ಧ ದಾರ್ಯಾಗ ನಿಲ್ಲಿಸಿದ್ರಿ. ನಾ ದಾಟೂತನಕಾ ಈ ಮನ್ಯಾಗ ಯಾವುದೂ ಪೂರಾ ಆಗಂಗಿಲ್ಲ.”

ಕತೆಯೆಂದರೆ ಇಷ್ಟು. ಶಿವಸಂಗಪ್ಪ ಇದನ್ನು ಕೇಳಿ, “ಆ ಮನಶ್ಯಾಗ ಜ್ವರ ಬಂದಿದ್ವು. ದವಾಖಾನಿಗೆ ಒಯ್ಯೂದ ಬಿಟ್ಟು ಮೊಳೀ ಬಡದ್ರಿ,” ಎಂದಿದ್ದ. ಬಾಳವ್ವ ಇನ್ನೊಂದು ಕಂಡಿಕೆ ಕೈಗೆತ್ತಿಕೊಂಡಳು.

ಆದರೆ ಯಮನವ್ವನ ಮೊದಲ ಬಸಿರು ಐದನೆಯ ತಿಂಗಳಲ್ಲೇ ಇಳಿಯಿತು. ಎರಡನೆಯದೂ ಐದರಲ್ಲೇ. ಓಣಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಮೈಯಲ್ಲಿ ರಕ್ತ ಕಡಿಮೆ, ಹಾಲು ಕುಡಿಸಿದರೆ ಆದೀತು ಎಂದು ಶಿವಸಂಗಪ್ಪ ಹೇಳುತ್ತಲೇ ಇದ್ದ. ಹಾಗೆ ಹೇಳಿದವನೇ ಹಿತ್ತಲಿಗೆ ಹೋಗಿ ಬಣ್ಣದ ಗಡಿಗೆಗಳ ಸಂದಿಯಲ್ಲಿ ಕೂತು ಅತ್ತದ್ದು ಯಾರಿಗೂ ಗೊತ್ತಾಗಲಿಲ್ಲ. ಅವನಿಗೆ ಬೇಕಾಗಿದ್ದು ಒಂದೇ, ಒಂದು ಕೂಸು. ಪ್ಲೇಗಿನಲ್ಲಿ ಎಲ್ಲ ಕಳೆದುಕೊಂಡವನಿಗೆ ತನ್ನದು ಎನ್ನಲು ಒಂದು ಜೀವ.

ಮೂರನೆಯ ಸಲ ಯಮನವ್ವ ಬಸಿರಾದಾಗ ಮೊದಲೇ ಹೇಳಿಬಿಟ್ಟಳು. “ಈ ಸಲ ಕುಬಸದ ಮಾತ ಎತ್ತಬ್ಯಾಡ್ರಿ. ಹಸರ ಸೀರಿ ಉಟ್ಟು ಆಮ್ಯಾಲ ಖಾಲಿ ಉಡ್ಯಾಗ ಕೂಡೂದು ನನ್ನಿಂದ ಆಗಂಗಿಲ್ಲ.”

ಆ ಮಾತು ಅವನ ಎದೆಗೆ ನಾಟಿತು. ಅವಳಿಗೆ ಧೈರ್ಯ ಬರಬೇಕಾದರೆ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಉಡುವ ಸೀರೆಯನ್ನು ತಾನೇ, ತನ್ನ ಕೈಯಾರೆ ನೇಯಬೇಕು ಅನ್ನಿಸಿತು. ಅವನ ಮಗ್ಗದಲ್ಲಿ ಸಾವಕಾರನ ಸೀರೆ ಹೂಡಿತ್ತು. ಖಾಲಿ ಇದ್ದದ್ದು ಒಳಗಿನ ಖೋಲಿಯ ಮಗ್ಗ ಒಂದೇ. ಬಾಳವ್ವ ಸಾಕಿದ ಮಗಳ ಬಸಿರು ನಿಲ್ಲಲೆಂದು ಬನಶಂಕರಿಗೆ ಹರಕೆ ಹೊತ್ತು ನೆರೆಯವರ ಗಾಡಿಯಲ್ಲಿ ಚೊಳಚಗುಡ್ಡಕ್ಕೆ ಹೋದಳು. ಗಾಡಿ ಓಣಿ ದಾಟಿತೋ ಇಲ್ಲವೋ, ಇವನು ಖೋಲಿಯ ಅಗಳಿ ತೆಗೆದ.

ಒಳಗೆ ಹಗಲಿನಲ್ಲೂ ಕತ್ತಲೆ. ಸುಟ್ಟ ಮಣ್ಣಿನ ವಾಸನೆ, ಅದರ ಹಿಂದೆ ಹಳೆಯ ಕರ್ಪೂರದ ವಾಸನೆ. ಹೊಸ್ತಿಲ ಆಚೆ ನಿಂತ ಯಮನವ್ವ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, “ಬ್ಯಾಡ್ರಿ,” ಎಂದಳು.

“ಮೊಳೀಗೆ ಹೆದರಿ ಮಗ್ಗ ಬಿಟ್ರ ನೇಕಾರ ಹೆಂಗಾಗ್ತೇನಿ?” ಎಂದು ಇವನು ಬಗ್ಗಿ ಮೊಳೆ ಹಿಡಿದ. ಅಷ್ಟು ವರ್ಷ ಕೂತ ಮೊಳೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಬಂತು. ಕಬ್ಬಿಣ ಬೆಚ್ಚಗಿತ್ತು. ಇವನು ಅದನ್ನು ಪಡಸಾಲೆಯ ಗೋಡೆಗೆ ಬಡಿದು ತನ್ನ ಸೊಲ್ಲಾಪುರದ ಕರಿ ಟೊಪ್ಪಿಗೆ ತೂಗುಹಾಕಿದ. ನಾಗರಕಲ್ಲನ್ನು ಪಕ್ಕಕ್ಕೆ ಸರಿಸಿದ. ಕುಣಿಯಲ್ಲಿ ಹಾವೂ ಇರಲಿಲ್ಲ, ಚೇಳೂ ಇರಲಿಲ್ಲ.

ಮಗ್ಗದ ಮೇಲಿನ ಕಂಬಳಿ ಎಳೆದಾಗ ಮಾತ್ರ ಅವನು ಬೆರಗಾದ. ಗುರಲಿಂಗಪ್ಪ ಅರ್ಧ ನೇಯ್ದು ಬಿಟ್ಟ ಕೆಂಪು ರೇಷ್ಮೆಯ ಸೆರಗು ಹಾಗೇ ಇತ್ತು. ಇಲಿ ಕಡಿದಿರಲಿಲ್ಲ, ಧೂಳು ಹಿಡಿದಿರಲಿಲ್ಲ, ಬಣ್ಣ ಮಾಸಿರಲಿಲ್ಲ. ಇಳಕಲ್ಲಿನ ಸೀರೆಯ ಕಸಬು ಬಲ್ಲವರಿಗೆ ಗೊತ್ತು, ಇಲ್ಲಿ ಒಡಲಿನ ಹಾಸು, ಅಂದರೆ ಉದ್ದನೂಲು, ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಒಂದೊಂದು ಎಳೆಗೆ ಕೊಂಡಿ ಹಾಕಿ ಕೂಡಿಸಬೇಕು. ಅಂಥ ರೇಷ್ಮೆಯನ್ನು ಯಾವ ನೇಕಾರ ಕತ್ತರಿಸಿ ಎಸೆದಾನು? ಇವನು ಸತ್ತವನ ಸೆರಗನ್ನು ಪೂರ್ತಿ ಮಾಡಿದ. ಹೆಂಡತಿಗೆಂದು ತಂದ ಹಸಿರು ಹಾಸಿನ ಎಳೆಗಳನ್ನು ಆ ಕೆಂಪು ಎಳೆಗಳಿಗೆ ಕೂತು, ತಾಳ್ಮೆಯಿಂದ, ಪ್ರೀತಿಯಿಂದ ಕೊಂಡಿ ಹಾಕಿದ. ತಪ್ಪು ಆದದ್ದೇ ಅಲ್ಲಿ.

ನೇಯುವಾಗ ಅಂಗಾಲಿನಿಂದ ಕಾವು ಏರುತ್ತಿತ್ತು. ಎಡಗಾಲು ತುಳಿದರೆ ಎಡ ಹೊಳ್ಳೆಯಲ್ಲಿ ಉಸಿರು, ಬಲಗಾಲು ತುಳಿದರೆ ಬಲ ಹೊಳ್ಳೆಯಲ್ಲಿ. ಇವನು ಬೇಡವೆಂದರೂ ಹಾಗೇ ಆಗುತ್ತಿತ್ತು. ಏನೋ ಒಂದು ಬೆನ್ನು ಹಿಡಿದು ಮೆಲ್ಲಗೆ ಮೇಲೆ ಬಂದಂತಾಗುತ್ತಿತ್ತು. ನೆತ್ತಿಯ ಒಳಗೆ ಯಾರೋ ಬೆರಳಿಂದ ತಟ್ಟುತ್ತಿದ್ದರು. ತಟ್ಟಿ, ತಡವಿ, ಮತ್ತೆ ಕೆಳಗಿಳಿಯುತ್ತಿದ್ದರು. ಕತ್ತಲಲ್ಲಿ ಕೂತು ನೇಯ್ದರೆ ತಲೆನೋವು ಬಾರದೆ ಇರುತ್ತದೆಯೇ ಎಂದು ತನಗೆ ತಾನೇ ಹೇಳಿಕೊಂಡ.

ಹದಿನೈದು ದಿನ ಕಳೆದು ಬಾಳವ್ವ ತಿರುಗಿ ಬರುವಷ್ಟರಲ್ಲಿ ಸೀರೆ ಮುಗಿದಿತ್ತು, ಖೋಲಿಗೆ ಅಗಳಿ ಬಿದ್ದಿತ್ತು. ಬಸಿರು ಐದು ದಾಟಿತು, ಆರು ದಾಟಿತು. ಶಿವಸಂಗಪ್ಪ ಓಣಿಯಲ್ಲಿ ಎದೆ ಉಬ್ಬಿಸಿ ನಡೆದ. ಏಳರಲ್ಲಿ ಕುಬಸ. ಹಸಿರೊಡಲಿನ, ಕೆಂಪು ಸೆರಗಿನ ಸೀರೆ ಉಟ್ಟು ಯಮನವ್ವ ಮಣೆಯ ಮೇಲೆ ಕೂತಳು, ಬಹಳ ದಿನಗಳ ಮೇಲೆ ನಕ್ಕಳು. ಉಡಿ ತುಂಬಲು ಹೆಂಗಸರು ಹತ್ತಿರ ಬಂದರು. ವಿಧವೆಯೆಂದು ದೂರ ಕೂತಿದ್ದ ಬಾಳವ್ವನಿಗೆ ಯಮನವ್ವ ಎದ್ದು ಬಂದು ನಮಸ್ಕರಿಸುವಾಗ ಸೆರಗಿನ ತುದಿ ಅವಳ ಕೈಗೆ ತಾಕಿತು. ಅವಳ ಬೆರಳು ನಿಂತವು. ಗಂಡನ ಕೈ ಅಡ್ಡನೂಲಿನ ಹೊಕ್ಕನ್ನು ಎಷ್ಟು ಬಿಗಿಯಾಗಿ ಬಡಿಯುತ್ತಿತ್ತು ಎಂಬುದು ಆ ಬೆರಳುಗಳಿಗೆ ಮರೆತಿರಲಿಲ್ಲ.

ಹೆಂಗಸರೆಲ್ಲ ಹೋದ ಮೇಲೆ ಶಿವಸಂಗಪ್ಪನನ್ನು ಹಿತ್ತಲಿಗೆ ಕರೆದಳು. “ನೇಯೂವಾಗ ನೆತ್ತಿ ನೋಯ್ತಿತ್ತೇನ್ರಿ?”

ಅವನು ಬೆಚ್ಚಿದ. “ಹೂಂ.”

“ನಮ್ಮ ಮನಿಯವ್ರು ಬಾಗಲಾ ಹುಡಕ್ಯಾರ. ದೊಡ್ಡವರ ನೆತ್ತಿ ಗಟ್ಟಿ ಆಗಿರ್ತೈತಿ. ನಿಮ್ಮ ಕಡೆ ಹಾದಿ ಸಿಕ್ಕಿಲ್ಲ. ಈ ಮನ್ಯಾಗ ನೆತ್ತಿ ಮುಚ್ಚದಿದ್ದ ಜೀವ ಯಾವುದೈತಿ, ನೀವ ವಿಚಾರ ಮಾಡ್ರಿ.”

“ಹೊಟ್ಟ್ಯಾಗಿನ ಕೂಸು ಗಟ್ಟಿಮುಟ್ಟ ಐತ್ರಿ. ಏಳ ತಿಂಗಳಾತು,” ಎಂದ ಶಿವಸಂಗಪ್ಪ. ದನಿ ಮೊದಲಿನಂತೆ ಇರಲಿಲ್ಲ.

“ಐದ ತಿಂಗಳಾ ಅವ್ರ ದಾಟಿಸ್ಯಾರ,” ಎಂದಳು ಬಾಳವ್ವ. “ತಮಗ ಬೇಕಂತ.”

ಸೀರೆಯನ್ನು ಅವತ್ತೇ ಸುಟ್ಟರು. ಸುಡುವಾಗ ಬಂದದ್ದು ರೇಷ್ಮೆಯ ವಾಸನೆಯಲ್ಲ, ಕರ್ಪೂರದ್ದು. ಆದರೆ ಹಾಕಿದ ಕೊಂಡಿ ಹಾಕಿಯೇ ಇತ್ತು. ಯಮನವ್ವನಿಗೆ ಬಾಯಾರಿಕೆ ಹತ್ತಿತು. ಕೊಡಗಟ್ಟಲೆ ನೀರು ಕುಡಿದರೂ ತುಟಿ ಒಡೆಯುತ್ತಿದ್ದವು. ಬೆನ್ನ ಮೇಲಿನ ಹಸಿ ಬಟ್ಟೆ ನೋಡುನೋಡುತ್ತಲೇ ಒಣಗುತ್ತಿತ್ತು.

ದಿನ ತುಂಬಿ ಒಂದು ಸಂಜೆ ಹೆರಿಗೆಯಾಯಿತು. ಸೂಲಗಿತ್ತಿ ಶಮಶಾದಬಿ ಓಣಿಯ ಅರ್ಧಕ್ಕರ್ಧ ಮಕ್ಕಳನ್ನು ಎತ್ತಿಕೊಂಡ ಕೈಯವಳು. ಅಂಥವಳು ಕೂಸನ್ನು ಹಿಡಿದವಳೇ ಚಾಪೆಯ ಮೇಲೆ ಇಟ್ಟುಬಿಟ್ಟಳು.

“ಹೆಣ್ಣಮಗಳು,” ಎಂದಳು. “ಬೆನ್ನ ಕೆಂಡ ಆಗೇತಿ. ಅಳವಲ್ದು.”

ಶಿವಸಂಗಪ್ಪ ದೀಪ ತಂದ. ಕೂಸು ಕಣ್ಣು ತೆರೆದು ಸುಮ್ಮನೆ ಮಲಗಿತ್ತು. ಚೆಂದದ ಕೂಸು. ಅವನ ತಾಯಿಯ ಮೂಗು, ಯಮನವ್ವನ ಗಲ್ಲ. ಆದರೆ ನೆತ್ತಿ. ಆ ಮೆತ್ತನೆಯ ನೆತ್ತಿ ಏಳುತ್ತಿತ್ತು, ಬೀಳುತ್ತಿತ್ತು. ಒಳಗಿನಿಂದ ಯಾರೋ ತಟ್ಟುತ್ತಿದ್ದರು. ಅವನಿಗೆ ಆ ತಟ್ಟು ಗೊತ್ತಿತ್ತು. ಸೊಲ್ಲಾಪುರವೂ ಉಗಿಯಂತ್ರವೂ ಆ ಗಳಿಗೆಯಲ್ಲಿ ಅವನ ತಲೆಯಿಂದ ಹಾರಿಹೋದವು.

“ಅತ್ತೀ, ಏನರ ಮಾಡ್ರಿ. ನಿಮ್ಮ ಕಾಲ ಬೀಳ್ತೇನಿ.”

ಮೊಳೆ ಎಲ್ಲಿದೆಯೆಂದು ಕೇಳಿಕೊಂಡು ಬಾಳವ್ವ ಪಡಸಾಲೆಯ ಗೋಡೆ ತಡವುತ್ತ ಹೋದಳು. ಕರಿ ಟೊಪ್ಪಿಗೆ ಕೆಳಗೆ ಬಿತ್ತು. ಅವಳು ಮೊಳೆ ಕಿತ್ತು ತಂದು ಅವನ ಕೈಯಲ್ಲಿಟ್ಟಳು.

“ಬಿಟ್ರ ಅವ್ರು ದಾಟ್ತಾರ. ಶಾಪಾನೂ ಮುಗೀತೈತಿ. ಕೂಸಿನ ಜೀವ ಅದ ಬಾಗಲದಾಗ ಹೋಗ್ತೈತಿ. ಬಡದ್ರ ಇಬ್ಬರೂ ಇಲ್ಲೇ ನಿಲ್ತಾರ.” ಅವನ ಕೈಯಿಂದ ದೀಪ ತೆಗೆದುಕೊಂಡಳು. “ನಾ ದೀಪಾ ಹಿಡಿತೇನಿ. ಬಡೀರಿ.”

ಅವಳು ಅಳುತ್ತಿದ್ದಳು. ತನ್ನ ಗಂಡನಿಗೆ ಎರಡನೆಯ ಸಲ ದಾರಿ ಕಟ್ಟಲು ದೀಪ ಹಿಡಿದು ನಡೆದಳು.

ಖೋಲಿ ಕಾದ ಹೆಂಚಿನಂತಿತ್ತು. ಕಲ್ಲು ಎಳೆದ. ಅಂಗೈ ಸುಟ್ಟಿತು. ಬಿಡಲಿಲ್ಲ. ತಲೆಕೆಳಗಾಗಿ ಮುಚ್ಚಿದ. ತೂತಿಗೆ ಮೊಳೆ ಇಟ್ಟ. ಒಂದು ಏಟು. ಕುಣಿಯೊಳಗೆ ಬುಸ್ಸೆಂದಿತು. ಇನ್ನೊಂದು ಏಟು. ಹೆರಿಗೆಯ ಕೋಣೆಯಿಂದ ಗಂಡಸಿನ ನರಳಾಟ. ಅಲ್ಲಿ ಗಂಡಸರು ಯಾರೂ ಇರಲಿಲ್ಲ. ಅವನ ಕೈ ತಡೆಯಿತು. ಬಡೀರಿ ಎಂದಳು ಬಾಳವ್ವ. ಕಣ್ಣು ಮುಚ್ಚಿ ಬಡಿದ. ಮೊಳೆ ಇಳಿಯಿತು. ಕೂಸು ಅತ್ತಿತು. ಒಂದೇ ಒಂದು ಅಳು. ಅದೂ ಪೂರ್ತಿ ಆಗಲಿಲ್ಲ. ಗಂಟಲಲ್ಲಿ ನಿಂತುಬಿಟ್ಟಿತು.

ಕೂಸು ಉಳಿಯಿತು. ಸಾವಿತ್ರೆವ್ವ ಎಂದು ಹೆಸರಿಟ್ಟರು. ಯಮನವ್ವನೂ ಉಳಿದಳು. ಮತ್ತೆ ಅವಳು ಬಸಿರಾಗಲಿಲ್ಲ. ಮಗುವಿನ ನೆತ್ತಿ ಎಲ್ಲ ಮಕ್ಕಳದಂತೆ ಬಲಿಯಿತು, ಬಾಗಿಲು ಮುಚ್ಚಿತು. ಒಳಗಿದ್ದದ್ದು ಒಳಗೇ ಉಳಿಯಿತು. ಹುಡುಗಿ ಓಡಾಡುತ್ತಾಳೆ, ಕಂಡಿಕೆಗಳ ಜತೆ ಆಡುತ್ತಾಳೆ, ಅಪ್ಪ ಮಗ್ಗದಲ್ಲಿ ಕೂತರೆ ಬಂದು ಬೆನ್ನಿಗೆ ಒರಗುತ್ತಾಳೆ. ಮಾತು ಮಾತ್ರ ಬರಲಿಲ್ಲ. ಬಾಯಿ ತೆರೆದರೆ ಬರುವುದು ಬುಸುಬುಸು ಉಸಿರಷ್ಟೇ. ಅಪ್ಪಾ ಎಂದು ಒಂದು ಸಲ ಕರೆದರೆ ಸಾಕಿತ್ತು ಎಂದು ಶಿವಸಂಗಪ್ಪ ಈಗಲೂ ಆಸೆಪಡುತ್ತಾನೆ. ಕರೆದರೆ ಯಾರ ದನಿ ಬಂದೀತೋ ಎಂದು ಮರುಗಳಿಗೆಯೇ ನಡುಗುತ್ತಾನೆ. ಹೊಸದಾಗಿ ಬಂದವರಿಗೆ ಒಳಗಿನ ಖೋಲಿಯ ಕಲ್ಲು ಮುಟ್ಟಬೇಡಿ ಎಂದು ಹೇಳುವವನು ಈಗ ಅವನೇ. ಅವರು ನಗುತ್ತಾರೆ.

ಹೊತ್ತು ಮುಳುಗುವ ಹೊತ್ತಿಗೆ ಹುಡುಗಿಗೆ ದಿನವೂ ನೀರಡಿಕೆ. ಪಡಸಾಲೆಗೆ ಬಂದು ಬೆನ್ನು ನೆಟ್ಟಗೆ ಮಾಡಿ ಚಕ್ಕಳಮಕ್ಕಳ ಕೂತು ಬಾಳವ್ವನ ಕಡೆಗೆ ನೋಡುತ್ತಾಳೆ. ಅವತ್ತು ಕೊಡದೆ ಹೋದ ನೀರನ್ನು ಈಗ ಯಾವ ಮಾಟಗಾರನೂ ತಡೆಯುವುದಿಲ್ಲ. ಬಾಳವ್ವ ಕಂಡಿಕೆ ಬದಿಗಿಟ್ಟು ಎದ್ದು ಚೊಂಬು ತುಂಬುತ್ತಾಳೆ. ಕೊಡುವ ಮುಂಚೆ, ಆ ಎಳೆಯ ಹುಡುಗಿಯ ಮುಂದೆ, ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾಳೆ.