ತಿರ್ಲಾಪುರದ ಹಾರ್ಡ್ ಡಿಸ್ಕ್

ಫೆಬ್ರುವರಿ 11, 2025. ಬೆಳಿಗ್ಗೆ 9.40ಕ್ಕೆ ತಿರ್ಲಾಪುರದ ಐಶ್ವರ್ಯ ನವಲಗುಂದ ಠಾಣೆಗೆ ಬಂದು ದೂರು ಕೊಟ್ಟಳು. ಅವಳು ಹಾಡುವ ಹೆವಿ ಮೆಟಲ್ ತಂಡ ‘ಎರಿಮಣ್ಣು’ ಎರಡು ವರ್ಷ ದುಡಿದು ಮಾಡಿದ ಮೊದಲ ಆಲ್ಬಂ ಒಂದು ಹಾರ್ಡ್ ಡಿಸ್ಕಿನಲ್ಲಿತ್ತು. ಅದು ಕಳವಾಗಿತ್ತು. ಬಿಡುಗಡೆಗೆ ಒಂಬತ್ತು ದಿನ ಉಳಿದಿತ್ತು.

“ಬ್ಯಾರೆ ಕಾಪಿ?” ಇನ್‌ಸ್ಪೆಕ್ಟರ್ ಮಹಾನಂದಾ ಕೇಳಿದರು.

“ಇಲ್ರಿ ಮೇಡಂ. ಎಂಟೂ ಹಾಡು ಅದರಾಗ ಅದಾವು. ಗಿಟಾರ್ ನುಡಿಸಾಕಿ ಮದುವ್ಯಾಗಿ ಹೋದ್ಲು. ಮತ್ತ ಮಾಡಾಕ ಆಗಂಗಿಲ್ರಿ.”

“ಹೆವಿ ಮೆಟಲ್ ಅಂದ್ರ?”

“ಒದರೋದ್ರಿ.”

“ನಮ್ಮ ಮನ್ಯಾಗ ದಿನಾ ಐತ್ರಿ ಅದು,” ಎಂದ ಕಾನ್‌ಸ್ಟೆಬಲ್ ಗೌರೀಶ. ಮಹಾನಂದಾ ನೋಡಿದ ನೋಟಕ್ಕೆ ಎಫ್‌ಐಆರ್ ಬರೆಯಲು ಕೂತ.

11.15ಕ್ಕೆ ಪಂಚನಾಮೆ. ತಂಡ ಹಾಡು ರೆಕಾರ್ಡ್ ಮಾಡುತ್ತಿದ್ದ ಹಳೆಯ ಹತ್ತಿ ಗೋದಾಮು. ಸದ್ದು ಮಾರ್ದನಿಸಬಾರದೆಂದು ಗೋಡೆಗೆಲ್ಲ ಕೌದಿ ಹೊಡೆದಿದ್ದರು. ಬೀಗ ಮುರಿದಿರಲಿಲ್ಲ. ಕಂಪ್ಯೂಟರ್ ಬಿಚ್ಚಿ ಡಿಸ್ಕ್ ಮಾತ್ರ ತೆಗೆದಿದ್ದರು. ನೆಲದಲ್ಲಿ ಹರಡಿರುತ್ತಿದ್ದ ಮೈಕಿನ ವೈರುಗಳನ್ನು ಒಂದು ಸುತ್ತು ಒಳಗೆ, ಒಂದು ಸುತ್ತು ಹೊರಗೆ ಸುತ್ತಿ, ಕೆಂಪು ಅರಿವೆ ಚೂರಿನಿಂದ ಕಟ್ಟಿ ಮೊಳೆಗೆ ತೂಗುಹಾಕಿದ್ದರು.

“ಕಳ್ಳ ಭಾಳ ಶಿಸ್ತಿನಾಂವ ಅದಾನ್ರಿ. ಕಸಾ ಒಂದು ಹೊಡದಿಲ್ಲ,” ಎಂದ ಗೌರೀಶ.

ಐಶ್ವರ್ಯಳ ಮುಖ ಸಣ್ಣದಾಗಿತ್ತು.

“ವೈರು ನೀವು ಸುತ್ತಿಟ್ಟಿದ್ದ?” ಮಹಾನಂದಾ ಕೇಳಿದರು.

“ನಾವು ಹಂಗ ಬಿಸಾಕಿ ಹೋಗ್ತೀವ್ರಿ. ಬೈಸ್ಕೋತೀವಿ.”

“ಯಾರ ಕಡಿ?”

ಅವಳು ಮೊಳೆಗೆ ತೂಗಿದ ವೈರುಗಳನ್ನು ಮತ್ತೊಮ್ಮೆ ನೋಡಿದಳು. ಆಮೇಲೆ, “ಇಮಾಮಹುಸೇನ ಕಾಕಾನ ಕಡಿರಿ. ಅಂವಾ ಅಲ್ಲ ಬಿಡ್ರಿ ಮೇಡಂ. ದೂರು ವಾಪಸ್ ತಗೋತೀನಿ.”

“ಎಫ್‌ಐಆರ್ ಆಗೇತಿ, ತಂಗಿ.”

ನವಲಗುಂದದಲ್ಲಿ ಮೂವತ್ತೈದು ವರ್ಷದಿಂದ ಮದುವೆ, ಉರುಸಿಗೆ ಮೈಕ್‌ಸೆಟ್ ಹಚ್ಚುತ್ತಿದ್ದವರು ಇಮಾಮಹುಸೇನ. ಈ ಹುಡುಗಿಯರಿಗೆ ಪುಕ್ಕಟೆ ಸ್ಪೀಕರ್ ಕೊಟ್ಟು, ರೆಕಾರ್ಡಿಂಗ್ ಕಲಿಸಿ, ದನಿ, ವಾದ್ಯಗಳ ಸದ್ದು ಹೊಂದಿಸಿ ಎಂಟೂ ಹಾಡು ಮಿಕ್ಸ್ ಮಾಡಿದವರು ಅವರೇ. ಗೋದಾಮಿನ ಒಂದು ಕೀಲಿಯೂ ಅವರ ಬಳಿ ಇತ್ತು.

2.30ಕ್ಕೆ ಪೊಲೀಸರು ಅಂಗಡಿಗೆ ಬಂದಾಗ ಅವರು ಸುಳ್ಳು ಹೇಳಲಿಲ್ಲ.

“ಡಿಸ್ಕ್ ಎಲ್ಲೈತಿ?”

“ಹುಬ್ಬಳ್ಳ್ಯಾಗ್ರಿ. ಬ್ಯಾರೇದಾಂವನ ಕಡಿಂದ ಮತ್ತ ಮಿಕ್ಸ್ ಮಾಡಸಾಕ ಕೊಟ್ಟೀನಿ. ಆದಮ್ಯಾಲೆ ಇಟ್ಟು ಬರಾಂವಿದ್ದೆ.”

5.20ಕ್ಕೆ ಡಿಸ್ಕ್ ಜಪ್ತಿಯಾಯಿತು. 7.10ಕ್ಕೆ ಠಾಣೆಯಲ್ಲಿ ಬಂಧನ ದಾಖಲಿಸುವಾಗ ಐಶ್ವರ್ಯ ಬಾಗಿಲಲ್ಲಿ ನಿಂತಿದ್ದಳು.

“ಕೇಳಿದ್ರ ನಾವ ಕೊಡ್ತಿದ್ವೆಲ್ಲೊ ಕಾಕಾ.”

“ಏನಂತ ಕೇಳ್ಲಿ? ನಿಮ್ಮ ಕಾಕಾಗ ಕಿವಿ ಹೋಗ್ಯಾವು ಅಂತನ?”

“ನಮಗ ಗೊತ್ತಿತ್ತು.” ಅವಳ ಧ್ವನಿ ಕಷ್ಟದಿಂದ ಕೇಳಿಸುತ್ತಿತ್ತು. “ಡ್ರಮ್ಮಿನ ಸಿಂಬಲ್ ಸಪ್ಪಳ ಕಿವಿಗೆ ಇರೀತಿತ್ತು. ನಿನಗ ಹೆಂಗ ಹೇಳೂದಂತ ಎಲ್ಲಾರೂ ಅಗದಿ ಛಲೋ ಆಗೇತಿ ಅಂದ್ವಿ.”

“ಏನಂದಿ?”

ಅವಳು ಹತ್ತಿರ ಹೋಗಿ, ಅದನ್ನೇ ಜೋರಾಗಿ ಹೇಳಿದಳು. ಇಮಾಮಹುಸೇನ ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡರು.

ಮರುದಿನ ಕೋರ್ಟಿಗೆ ಹೊಲದ ಪಹಣಿ ಉತಾರ ಹಿಡಿದು ಜಾಮೀನು ಕೊಡಲು ಬಂದವರು ದೂರುದಾರಳ ಅಪ್ಪ. ಮಗಳೇ ಕರೆತಂದಿದ್ದಳು. ಡಿಸ್ಕ್ ಬಿಡಿಸಿಕೊಳ್ಳುವ ಅರ್ಜಿಯೂ ಅವಳ ಕೈಯಲ್ಲಿತ್ತು.

ಕೇಸ್ ಡೈರಿಯಲ್ಲಿ ಮಹಾನಂದಾ ಆರೋಪಿಯ ಮಾತನ್ನು ಹೀಗೆ ಬರೆದುಕೊಂಡರು: ನಾನು ಮಿಕ್ಸ್ ಮಾಡಿದ ಹಾಡು ಮನೆಯಲ್ಲಿ ಹಚ್ಚಿದ ಕೂಡಲೇ ನನ್ನ ಮೊಮ್ಮಗಳು ಕಿವಿ ಮುಚ್ಚಿಕೊಂಡಳು. ನನಗೆ ಏನೂ ಅನ್ನಿಸಿರಲಿಲ್ಲ. ಆಲ್ಬಂ ಕವರಿನಲ್ಲಿ ಮಕ್ಕಳು ಎಲ್ಲರಿಗಿಂತ ಮೊದಲು ನನಗೆ ಧನ್ಯವಾದ ಹೇಳಿದ್ದಾರೆ. ಅದಕ್ಕೆ ತಕ್ಕ ಕೆಲಸ ಕೊಡಬೇಕಾಗಿತ್ತು.