ಗೊರಗು ಹಿಡಿದ ನುಡಿಮಣೆ

ಎಷ್ಟು ಹಿಂದೆ ಎಂದು ಕೇಳಬೇಡಿ, ಬಹಳ ಹಿಂದೆ, ಸುರಗಿಪಟ್ಟಣ ಎಂಬ ರಾಜ್ಯವಿತ್ತು. ಅಲ್ಲಿಯ ಅರಮನೆಯಲ್ಲಿ ಒಂದು ನುಡಿಮಣೆಯಿತ್ತು. ಹಲಸಿನ ಮರದ ಮಣೆ, ಮೇಲೆ ಸಾಲು ಸಾಲಾಗಿ ಹಿತ್ತಾಳೆಯ ಅಕ್ಷರಗಳು. ಮಣೆಗೆ ಒಂದು ಓಲೆ ಸಿಕ್ಕಿಸಿ ಅಕ್ಷರಗಳನ್ನು ಒತ್ತಿದರೆ ಸಾಕು, ಓಲೆಯ ಮೇಲೆ ಮಾತು ಮೂಡುತ್ತಿತ್ತು. ರಾಜನ ಅಪ್ಪಣೆಗಳೆಲ್ಲ ಹೊರಡುತ್ತಿದ್ದದ್ದು ಅದರಿಂದಲೇ.

ಆ ಮಣೆಯ ಮುಂದೆ ಕೂತು ಬರೆಯುವವಳು ನಾಗಲೆ. ಕೂತು ಅಂದೆನೇ? ಅವಳ ಒಂದು ಕಾಲು ಯಾವಾಗಲೂ ಬಾಗಿಲ ಕಡೆಗೇ ಇರುತ್ತಿತ್ತು. ಕೈ ಬಲು ಚುರುಕು, ತಾಳ್ಮೆ ಮಾತ್ರ ಸೊನ್ನೆ. ಬರೆದದ್ದನ್ನು ಒಮ್ಮೆ ಓದಿ ನೋಡು ಎಂದರೆ ಮುಖ ಸಿಂಡರಿಸುತ್ತಿದ್ದಳು.

ಒಂದು ದಿನ ಜಂಬುಕಾಕ್ಷನೆಂಬ ಮಂತ್ರವಾದಿ ಅರಮನೆಗೆ ಬಂದ. ಮಣೆ ಸವೆದಿದೆ, ಎಣ್ಣೆ ಹಚ್ಚಿಕೊಡುತ್ತೇನೆ ಎಂದು ನಯವಾಗಿ ಮಾತಾಡಿ ಒಳಗೆ ಸೇರಿಕೊಂಡ. ಅವನು ಹೊರಟುಹೋದ ಮೇಲೆ ಮಣೆ ಗೊರಗು ಭಾಷೆಯಲ್ಲಿ ಬರೆಯತೊಡಗಿತು. ಕನ್ನಡದ ಅಕ್ಷರ ಒತ್ತಿದರೂ ಗೊರಗು, ಮೆಲ್ಲಗೆ ಒತ್ತಿದರೂ ಗೊರಗು, ಬೈದು ಒತ್ತಿದರೂ ಗೊರಗು. ಆ ಭಾಷೆ ಜಂಬುಕಾಕ್ಷನೊಬ್ಬನಿಗೇ ಗೊತ್ತು. ರಾಜ್ಯದ ಓಲೆಗಳನ್ನು ಓದಬಲ್ಲವನು ತಾನೊಬ್ಬನೇ ಆದರೆ ರಾಜ್ಯವೂ ತನ್ನದೇ ಆಗುತ್ತದೆ ಎಂದು ಅವನು ಹೂಡಿದ ಸಂಚು ಇದು.

ಮೊದಲ ಗೊರಗು ಓಲೆ ಹೊರಟಾಗ ಯಾರಿಗೂ ತಿಳಿಯಲಿಲ್ಲ, ಏಕೆಂದರೆ ಬರೆದವಳು ಅದನ್ನು ಓದಲಿಲ್ಲ. ನಾಗಲೆ ಎಂದಿನಂತೆ ಅವಸರದಲ್ಲಿ ಅದನ್ನು ಸುತ್ತಿ, ಓಲೆ ಒಯ್ಯುವ ಕೆಲಸದಲ್ಲಿದ್ದ ತನ್ನ ಅಣ್ಣ ಸಿಂಗಣ್ಣನ ಕೈಗೆ ಕೊಟ್ಟಳು. ಅವನು ಗಡಿಕೋಟೆಗೆ ಹೋದ. ಕೋಟೆಯ ಬಾಗಿಲು ಎಂದರೆ ಒಂದು ಕಲ್ಲಿನ ಯಾಳಿಯ ಬಾಯಿ. ಯಾಳಿ ಓಲೆ ಓದಿ ಬಾಯಿ ತೆರೆಯುತ್ತಿತ್ತು, ಬಂದವರು ಒಳಗೆ ನಡೆಯುತ್ತಿದ್ದರು. ಅಂದು ಓದಿತು, ಅರ್ಥವಾಗಲಿಲ್ಲ, ಸಿಟ್ಟಿನಲ್ಲಿ ಸಿಂಗಣ್ಣನನ್ನು ನುಂಗಿ ಬಾಯಿ ಮುಚ್ಚಿತು.

"ಮೂರನೆಯ ದಿನ ಹೊತ್ತು ಮುಳುಗುವುದರೊಳಗೆ ಇದೇ ಮಣೆಯಿಂದ ಕನ್ನಡದ ಓಲೆ ಬರಬೇಕು," ಎಂದು ಯಾಳಿ ಹೇಳಿಕಳಿಸಿತು. "ಬರದಿದ್ದರೆ ಒಳಗಿರುವವನು ಕಲ್ಲಾಗುತ್ತಾನೆ." ಕೈಬರಹದ ಓಲೆಯನ್ನು ಅದು ಮೂಸಿಯೂ ನೋಡುತ್ತಿರಲಿಲ್ಲ.

ಸುದ್ದಿ ನಾಗಲೆಗೆ ಮುಟ್ಟಿತು. ಒಂದು ಸಲ ಓದಿದ್ದರೆ ಆಗುತ್ತಿತ್ತಲ್ಲ ಎಂದು ಹಣೆ ಚಚ್ಚಿಕೊಂಡಳು. ಆಮೇಲೆ ಎದ್ದು ನಿಂತಳು, ಏಕೆಂದರೆ ಸುಮ್ಮನೆ ಕೂತು ಅಳುವುದಕ್ಕೂ ಅವಳಿಗೆ ತಾಳ್ಮೆಯಿರಲಿಲ್ಲ.

ಮೊದಲ ದಿನ ಅವಳು ಮಣೆಯ ಬದಿಯಲ್ಲಿದ್ದ ದಂತದ ತಿರುಪನ್ನು ಕಂಡುಹಿಡಿದಳು. ಒಂದು ಕಡೆ ಗೊರಗು, ಇನ್ನೊಂದು ಕಡೆ ಕನ್ನಡ. ಕನ್ನಡಕ್ಕೆ ತಿರುಗಿಸಿದಳು. ಒಂದು ಅಕ್ಷರ ಕನ್ನಡ ಬಂತು, ಎರಡನೆಯದೂ ಬಂತು, ಮೂರನೆಯ ಅಕ್ಷರಕ್ಕೆ ತಿರುಪು ಕಿರ್ರೆಂದು ತಾನೇ ಹಿಂದಕ್ಕೆ ತಿರುಗಿತು. ದಾರ ಕಟ್ಟಿದಳು, ದಾರ ಹರಿಯಿತು. ಮೊಣಕಾಲಿನಿಂದ ಒತ್ತಿ ಹಿಡಿದಳು, ಮೊಣಕಾಲು ತರಚಿತು. ಸಂಜೆಯ ಹೊತ್ತಿಗೆ ಹಾಳಾದ ಓಲೆಗಳು ಸೊಂಟದೆತ್ತರ ರಾಶಿ ಬಿದ್ದಿದ್ದವು.

ಓಲೆಮನೆಯ ಹಿರಿಯ ತಿಪ್ಪರಸಯ್ಯ ಬಂದು ನೋಡಿದ. "ತಿರುಪಿನ ಜೊತೆ ಗುದ್ದಾಡಿ ಏನು ಪ್ರಯೋಜನ ಮಗಳೇ? ಅದು ಹೇಳಿದಷ್ಟು ಕೇಳೋ ಆಳು. ಈ ಮಣೆ ಬರೆಯೋ ಓಲೆಗೆಲ್ಲ ಒಬ್ಬಳು ತಾಯಿ ಇದಾಳೆ, ತಾಯಿ ಓಲೆ ಅಂತಾರೆ. ಅವಳ ನುಡಿ ಯಾವುದೋ ಮಕ್ಕಳ ನುಡಿಯೂ ಅದೇ. ಮಣೆಯ ಹೊಟ್ಟೆಯೊಳಗೆ ಇರ್ತಿದ್ದಳು, ಈಗ ನೋಡಿದರೆ ಖಾಲಿ. ಆ ಎಣ್ಣೆ ಹಚ್ಚೋನು ಹೊತ್ತುಕೊಂಡು ಹೋಗಿದಾನೆ."

"ಇದನ್ನ ಬೆಳಿಗ್ಗೆನೇ ಹೇಳಬಾರದಾ ತಾತ!"

"ನೀನು ಕೇಳಲೇ ಇಲ್ಲವಲ್ಲ ಮಗಳೇ."

ಎರಡನೆಯ ದಿನ ಬೆಳಗಾಗುತ್ತಲೇ ಅವಳು ಕುದುರೆ ಏರಿ ನರಿಗುಡ್ಡದತ್ತ ಹೊರಟಳು. ಜಂಬುಕಾಕ್ಷನ ಗವಿಯಿದ್ದದ್ದು ಅಲ್ಲಿ. ಗವಿಯ ಬಾಗಿಲಲ್ಲಿ ಒಂದು ಕೆಂಪು ಹುಳು ಮಲಗಿತ್ತು, ಹಗ್ಗದಷ್ಟು ಉದ್ದ, ಅಂಕುಡೊಂಕು ಮೈ. ಯಾರಾದರೂ ಮಾತಾಡಿದರೆ ಅದು ಆ ಮಾತಿನಡಿ ಹರಿದು "ತಪ್ಪು" ಎನ್ನುತ್ತಿತ್ತು. ಹೆದರಿ ತಿದ್ದಿಕೊಂಡವರ ಬಾಯಿಂದ ಆ ಮಾತು ಉದುರಿಹೋಗಿ ಮತ್ತೆಂದೂ ಬರುತ್ತಿರಲಿಲ್ಲ. ಗವಿಯ ಮುಂದೆ ಅಂಥ ಉದುರಿದ ಮಾತುಗಳು ಒಣಗಿ ಬಿದ್ದಿದ್ದವು.

"ಯಾಕೆ ಬಂದೆ?" ಎಂದಿತು ಹುಳು.

"ತಾಯಿ ಓಲೆಗಾಗಿ."

"ತಪ್ಪು."

"ತಪ್ಪಲ್ಲ. ನಮ್ಮಣ್ಣ ಸಿಂಗಣ್ಣನ್ನ ಬಿಡಿಸಬೇಕು."

"ಸಿಂಗಣ್ಣ? ತಪ್ಪು. ಅಂಥ ಮಾತೇ ಇಲ್ಲ. ನನ್ನ ಪಟ್ಟಿಯಲ್ಲಿ ಇಲ್ಲ."

ಒಂದು ಕ್ಷಣ ಅಣ್ಣನ ಹೆಸರು ನಾಲಿಗೆಯ ತುದಿಯಲ್ಲಿ ಸಡಿಲವಾಯಿತು. ಅವಳು ಹಲ್ಲು ಕಚ್ಚಿದಳು.

"ಪಟ್ಟಿಯಲ್ಲಿ ಇಲ್ಲದಿದ್ದರೆ ಈಗ ಸೇರಿಸಿಕೋ! ಸಿಂಗಣ್ಣ. ನನ್ನನ್ನ ಹೆಗಲ ಮೇಲೆ ಹೊತ್ತು ಬೆಳೆಸಿದೋನು. ಸಿಂಗಣ್ಣ. ಎಷ್ಟು ಸಲ ಬೇಕಾದರೂ ಹೇಳ್ತೀನಿ."

ಹುಳು ತಲೆಯೆತ್ತಿ ಅವಳನ್ನೇ ನೋಡಿತು. "ಸೇರಿಸಿಕೋ ಎಂದು ನನಗೆ ಇದುವರೆಗೆ ಯಾರೂ ಹೇಳಿಯೇ ಇರಲಿಲ್ಲ," ಎಂದಿತು. ಆ ಹೆಸರನ್ನು ಮೂರು ಸಲ ಗುನುಗಿಕೊಂಡು, ಸುರುಳಿ ಸುತ್ತಿಕೊಂಡು ಪಕ್ಕಕ್ಕೆ ಸರಿಯಿತು.

ಒಳಗೆ ಕಲ್ಲಿನ ಹಾಸಿನ ಮೇಲೆ ತಾಯಿ ಓಲೆ ಮಲಗಿತ್ತು, ಮೈತುಂಬ ಗೊರಗು. ನಾಗಲೆ ಅದರ ಮೇಲೆ ಕೈಯಿಟ್ಟು, "ಕನ್ನಡವಾಗು ತಾಯಿ," ಎಂದಳು.

"ಈ ಒಂದು ಓಲೆಗೋ, ಮುಂದೆ ಬರುವ ಎಲ್ಲ ಓಲೆಗೋ?" ಎಂದು ಕೇಳಿತು ತಾಯಿ ಓಲೆ.

"ಎಲ್ಲಕ್ಕೂ."

"ಎಲ್ಲಕ್ಕೂ ಎಂದರೆ ಎಲ್ಲಕ್ಕೂ. ನಿಜವಾಗಿಯೂ?"

"ನಿಜವಾಗಿಯೂ."

"ಮತ್ತೊಮ್ಮೆ ಯೋಚಿಸು. ಇದು ನಿನ್ನ ಮನಸ್ಸಿಗೆ ಬಂದದ್ದೇ?"

ಹೊರಗೆ ಹೆಜ್ಜೆಯ ಸಪ್ಪಳ ಕೇಳಿಸುತ್ತಿತ್ತು. ನಾಗಲೆಗೆ ಮೈಯೆಲ್ಲ ಉರಿಯಿತು. ಕಿರುಚಿ ಓಲೆಯನ್ನು ಕಿತ್ತುಕೊಂಡು ಓಡಬೇಕೆನಿಸಿತು. ಆದರೂ ಜೀವಮಾನದಲ್ಲಿ ಮೊದಲ ಬಾರಿಗೆ ಉಸಿರು ಬಿಗಿಹಿಡಿದು ಮೆಲ್ಲಗೆ ಹೇಳಿದಳು: "ಹೌದು ತಾಯಿ. ನನ್ನ ಮನಸ್ಸಿಗೆ ಬಂದದ್ದೇ."

ತಾಯಿ ಓಲೆಯ ಮೈಯಿಂದ ಗೊರಗು ಹೊಟ್ಟಿನಂತೆ ಉದುರಿತು, ಕನ್ನಡ ಮೂಡಿತು.

ಅಷ್ಟರಲ್ಲಿ ಜಂಬುಕಾಕ್ಷ ಒಳಗೆ ನುಗ್ಗಿದ. ಕೋಲೆತ್ತಿ ತನ್ನ ಘೋರ ಮಂತ್ರ ಶುರುಮಾಡಿದ. ತಾಯಿ ಓಲೆಗೆ ಗೊರಗು ಹತ್ತಿಸಿದಾಗ ಅವನು ತನ್ನ ಮಂತ್ರಗಳನ್ನೂ ಅದಕ್ಕೇ ಕಟ್ಟಿದ್ದ, ಅವೂ ಅದೇ ತಾಯಿಯ ಮಕ್ಕಳಲ್ಲವೇ? ಗೊರಗಿನಲ್ಲಿ ಗುಡುಗುತ್ತಿದ್ದ ಮಂತ್ರ ಈಗ ಅಚ್ಚ ಕನ್ನಡದಲ್ಲಿ ಹೊರಬಂತು: "ನನ್ನನ್ನು ಕಂಡು ಹೆದರಿರಿ, ದಯವಿಟ್ಟು ಹೆದರಿರಿ, ನೀವು ಹೆದರದಿದ್ದರೆ ನನಗೆ ಬೇರೆ ಗತಿಯಿಲ್ಲ."

ಜಂಬುಕಾಕ್ಷ ತಾನು ಆಡಿದ್ದನ್ನು ತಾನೇ ಕೇಳಿಸಿಕೊಂಡ. ಬಾಯಿ ಮುಚ್ಚಿಕೊಂಡ. ಬಾಗಿಲಲ್ಲಿದ್ದ ಹುಳು ಮೊದಲು ನಕ್ಕಿತು, ಆಮೇಲೆ ನಾಗಲೆಗೂ ನಗು ತಡೆಯಲಿಲ್ಲ. ನಾಚಿಕೆಯಿಂದ ಅವನು ಗುಡ್ಡ ಇಳಿದು ಓಡಿದವನು ಆ ಸೀಮೆಯಲ್ಲಿ ಮತ್ತೆ ಕಾಣಿಸಲಿಲ್ಲ.

ಇಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ನಾಗಲೆ ತಾಯಿ ಓಲೆಯನ್ನು ಮಣೆಯ ಹೊಟ್ಟೆಯಲ್ಲಿಟ್ಟಳು. ತಿಪ್ಪರಸಯ್ಯ ಒಂದು ಓಲೆ ಕೊಟ್ಟ. ಬರೆದಳು. ಗೊರಗು! ಇನ್ನೊಂದು ಕೊಟ್ಟ. ಅದೂ ಗೊರಗು! ಹೊತ್ತು ಪಡುವಣಕ್ಕೆ ವಾಲುತ್ತಿತ್ತು.

"ಈ ಓಲೆಗಳು ಎಲ್ಲಿಂದ ಬಂದವು ತಾತ?"

"ಎಲ್ಲಿಂದ ಅಂದರೆ? ಮೊನ್ನೆ ಹಾಳಾದ ಓಲೆಗಳನ್ನೇ ಹೆರೆದು ಕೊಟ್ಟೆ. ಮೇಲಿನ 'ಶ್ರೀ' ಹಾಗೇ ಬಿಟ್ಟು, ಕೆಳಗಿಂದೆಲ್ಲ ಹೆರೆಯೋದು. ನಮ್ಮ ಮನೆತನದಲ್ಲಿ ನಡೆದು ಬಂದ ಪದ್ಧತಿ."

ನಾಗಲೆ ಓಲೆಯನ್ನು ಬೆಳಕಿಗೆ ಹಿಡಿದಳು. ಹೆರೆದ ಮಾತುಗಳಡಿ, ಓಲೆಯ ಕೊನೆಯಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಗೊರಗಿನ ಚುಕ್ಕೆಯೊಂದು ಉಳಿದಿತ್ತು. ಮಂತ್ರವಾದಿ ಓಡಿಹೋಗಿದ್ದ, ಅವನ ಭಾಷೆಯನ್ನು ಇವರೇ ಹಳೆಯ ಓಲೆಯಿಂದ ಹೊಸ ಓಲೆಗೆ ದಾಟಿಸುತ್ತಿದ್ದರು.

"ಬರಿ ಓಲೆ ಕೊಡಿ ತಾತ. ಒಂದು ಗೀಟೂ ಇಲ್ಲದ್ದು."

ಮುದುಕನ ಮುಖ ಬಿಳಿಚಿಕೊಂಡಿತು. "ಬರಿ ಓಲೇಲಿ ಸಾವಿನ ಸುದ್ದಿ ಮಾತ್ರ ಬರೆಯೋದು ನಾಗಲೆ. ನಿನ್ನ ಕೈಯಾರೆ ಅಣ್ಣನಿಗೆ ಅಪಶಕುನ ಮಾಡ್ತೀಯಾ?"

ಅವಳಿಗೂ ಭಯವಾಯಿತು. ಅವರಪ್ಪ ಸತ್ತ ದಿನ ಮನೆಗೆ ಬಂದದ್ದು ಅಂಥದ್ದೇ ಬೋಳು ಓಲೆ. ಅದನ್ನು ಕಂಡ ಕೂಡಲೇ, ಓದುವ ಮೊದಲೇ, ಅವರಮ್ಮ ಕುಸಿದಿದ್ದಳು. ನಾಗಲೆ ಕಿಟಕಿಯಾಚೆ ನೋಡಿದಳು. ನೆರಳುಗಳು ಉದ್ದವಾಗಿದ್ದವು.

"ಕೊಡಿ ತಾತ," ಎಂದಳು.

ಬರಿ ಓಲೆಯನ್ನು ಮಣೆಗೆ ಸಿಕ್ಕಿಸಿ ಒಂದೊಂದೇ ಅಕ್ಷರ ಒತ್ತಿದಳು. ಕನ್ನಡ ಮೂಡಿತು: "ಸಿಂಗಣ್ಣ ಬದುಕಿದ್ದಾನೆ. ಅವನನ್ನು ಹೊರಗೆ ಬಿಡು." ತಿಪ್ಪರಸಯ್ಯ ಅದನ್ನು ಗಟ್ಟಿಯಾಗಿ ಓದಿದ, ಓದುತ್ತಲೇ ಅತ್ತ. ಅವನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ನಾಗಲೆ ಓಲೆ ಕಿತ್ತುಕೊಂಡು ಕುದುರೆ ಏರಿದ್ದಳು.

ಸೂರ್ಯನ ಅಂಚು ನೆಲ ಮುಟ್ಟುವಾಗ ಅವಳು ಯಾಳಿಯ ಮುಂದೆ ಓಲೆ ಹಿಡಿದಳು. ಯಾಳಿ ನಿಧಾನವಾಗಿ ಓದಿತು. ಅದರ ನಿಧಾನಕ್ಕೆ ಅವಳ ಜೀವ ಹೋಗಿ ಬಂತು. ಕೊನೆಗೆ ಕಲ್ಲಿನ ದವಡೆ ಗರಗರ ಎಂದು ತೆರೆಯಿತು. ಸಿಂಗಣ್ಣ ಈಚೆ ಬಂದ. ಮೊಣಕಾಲಿನವರೆಗೂ ಕಲ್ಲಾಗಿತ್ತು, ಅವಳು ತಿಕ್ಕುತ್ತಿದ್ದಂತೆ ಬಿಸಿಯಾಗಿ ಮಾಂಸವಾಯಿತು.

ಅವನು ಅವಳ ಕೈಯಲ್ಲಿದ್ದ ಬೋಳು ಓಲೆಯನ್ನು ಕಂಡು ಬೆಚ್ಚಿಬಿದ್ದ. "ಯಾರು ಹೋದರೇ ನಾಗಿ?"

"ಯಾರೂ ಹೋಗಿಲ್ಲಣ್ಣ. ಓದಿ ನೋಡು."

ಅವನು ಓದಿದ. ತನ್ನ ಹೆಸರನ್ನು ಇನ್ನೊಮ್ಮೆ ಓದಿದ. ಆಮೇಲೆ ಅವಳ ತಲೆಯ ಮೇಲೆ ಕೈಯಿಟ್ಟ.

ಅಂದಿನಿಂದ ಸುರಗಿಪಟ್ಟಣದಲ್ಲಿ ಮಗು ಹುಟ್ಟಿದರೂ ಮದುವೆ ನಿಶ್ಚಯವಾದರೂ ಬರಿ ಓಲೆಯಲ್ಲೇ ಬರೆದರು. ಬೋಳು ಓಲೆ ಮನೆಗೆ ಬಂದರೆ ತಾಯಂದಿರು ಕುಸಿಯುವುದು ನಿಂತಿತು. ಏನು ಸಂತೋಷವೋ ಎಂದು ಬಾಗಿಲಿಗೆ ಓಡಿಬಂದರು.