ಹೊಳೆಕೊಪ್ಪದ ಕಡೆಯ ಲಾರಿ

ಲಾರಿ ಹಾರ್ನ್ ಹೊಡೆಯುತ್ತಲೇ ಇತ್ತು. ಗಾಡಿದಾರಿಯ ನಟ್ಟನಡುವೆ ಮಲಗಿದ್ದ ಕೆಂಚ ಮಾತ್ರ ಬಾಲವನ್ನೂ ಅಲುಗಿಸಲಿಲ್ಲ.

ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ ಯಮುನಾ ಬುಟ್ಟಿ ಎಸೆದು ಓಡಿಬಂದಳು. ಇಳಿಜಾರಿನಲ್ಲಿ ಬರುತ್ತಿದ್ದ ಲಾರಿಗೂ ನಾಯಿಗೂ ನಡುವೆ ನಿಂತು ಎರಡೂ ಕೈ ಚಾಚಿದಳು.

ಬ್ರೇಕ್ ಕಿರುಚಿತು. ಧೂಳು ಇಳಿದಾಗ ಲಾರಿಯ ಮೂತಿ ಅವಳ ಅಂಗೈಗೆ ತಾಗುವಷ್ಟು ಹತ್ತಿರದಲ್ಲಿತ್ತು.

ಡ್ರೈವರ್ ಬಾಗಿಲು ತೆರೆದು ಧುಮುಕಿದ.

"ಸಾಯಕ್ಕೆ ನನ್ ಲಾರಿನೇ ಬೇಕಾಗಿತ್ತಾ ನಿಮಗೆ? ಅಷ್ಟೊತ್ತಿಂದ ಹಾರ್ನ್ ಹೊಡೀತಾ ಇದೀನಿ."

"ಅದಕ್ಕೆ ಕಿವಿ ಕೇಳಲ್ಲ."

"ಯಾರಿಗೆ?"

"ಕೆಂಚಂಗೆ. ಕಣ್ಣೂ ಅಷ್ಟಕ್ಕಷ್ಟೆ. ಈ ದಾರೀಲಿ ಎತ್ತಿನ ಗಾಡಿ ಬಿಟ್ರೆ ಬೇರೆ ಬಂದಿದ್ದಿಲ್ಲ. ಎತ್ತುಗಳು ತಾವೇ ಸುತ್ತಿಕೊಂಡು ಹೋಗ್ತವೆ."

ಅವನು ಕುಕ್ಕರಗಾಲಲ್ಲಿ ಕೂತು ನಾಯಿಯ ಮೂಗಿನ ಮುಂದೆ ಕೈ ಹಿಡಿದ. ಕೆಂಚ ಎಚ್ಚರಗೊಂಡು ಮೂಸಿತು. ಡೀಸೆಲ್ ವಾಸನೆಗೆ ಸೀನಿ, ಮತ್ತೆ ತಲೆ ಕೆಳಗಿಟ್ಟು ಕಣ್ಣು ಮುಚ್ಚಿತು.

ಎಬ್ಬಿಸಿ ಓಡಿಸುತ್ತಾನೆ ಅಂದುಕೊಂಡಿದ್ದಳು ಯಮುನಾ. ಅವನು ಎದ್ದು ಲಾರಿ ಹತ್ತಿ, ಹಿಂದಕ್ಕೆ ತೆಗೆದು, ಕೊಯ್ಲು ಮುಗಿದ ಗದ್ದೆಗೆ ಇಳಿಸಿ ಸುತ್ತಿಕೊಂಡು ಹೋದ.

ಹೋಗುವಾಗ ಕಿಟಕಿಯಿಂದ ತಲೆ ಹೊರಹಾಕಿ ಅಂದ, "ಎತ್ತಿಗಿಂತ ಕಡೆ ಅನ್ನಿಸ್ಕಳ್ಳಬಾರ್ದಲ್ಲ."

ಅವಳಿಗೆ ನಗು ಬಂತು. ಆ ಬೇಸಿಗೆಯಲ್ಲಿ ಅವಳು ನಕ್ಕಿದ್ದೇ ಅಪರೂಪ...

ಅದು ಅರವತ್ನಾಲ್ಕನೇ ಇಸವಿ. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಎದ್ದು ನಿಂತಿತ್ತು. ಆ ಮಳೆಗಾಲಕ್ಕೆ ಶರಾವತಿಯ ನೀರು ಹೊಳೆಕೊಪ್ಪವನ್ನು ಮುಳುಗಿಸುತ್ತದೆ ಎಂದು ಎಲ್ಲರಿಗೂ ತಿಳಿದಿತ್ತು. ಹುಂಚದ ಆಚೆ ಕಾಡು ಕಡಿದು ಊರಿನವರಿಗೆ ಜಾಗ ತೋರಿಸಿದ್ದರು. ಒಂದೊಂದೇ ಮನೆಯ ಸಾಮಾನು ಸಾಗಿಸಲು ಕಂಟ್ರಾಕ್ಟರನ ಲಾರಿ ಬರತೊಡಗಿತ್ತು. ಅದರ ಡ್ರೈವರ್ ಸಾಗರದ ಕಡೆಯ ಜಯಪ್ಪ.

ಯಮುನಾಗೆ ತಾಯಿ ಇರಲಿಲ್ಲ. ಅಪ್ಪ ಬೆಳ್ಳಪ್ಪ ಒಡೆಯರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವನು. ಒಂದು ಸಂಬಂಧ ಕೂಡಿಬಂದಿತ್ತು. ಗಂಡಿನ ಕಡೆಯವರು ಕೊನೆಗಳಿಗೆಯಲ್ಲಿ ಹಿಂದೆ ಸರಿದರು. "ಮುಳುಗೋ ಊರಿನ ಹೆಣ್ಣು ತಂದ್ರೆ ಬಾಣಂತನಕ್ಕೆ ಕಳ್ಸೋದು ಎಲ್ಲಿಗೆ?" ಅಂದಿದ್ದರಂತೆ.

ಅಂದಿನಿಂದ ಅವಳು ಮದುವೆಯ ಮಾತೇ ಎತ್ತಿರಲಿಲ್ಲ.

ಜಯಪ್ಪ ಬಂದಾಗಲೆಲ್ಲ ಅವರ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿಯುವುದು ರೂಢಿಯಾಯಿತು. ಬರುವಾಗ ಹೊಸನಗರದ ಹೋಟೆಲಿನಿಂದ ಕೆಂಚನಿಗೆಂದು ಬನ್ನು ತರುತ್ತಿದ್ದ. ಹಲ್ಲಿಲ್ಲದ ನಾಯಿ, ಅವನೇ ಬನ್ನನ್ನು ಮಜ್ಜಿಗೆಯಲ್ಲಿ ನೆನೆಸಿ ತಿನ್ನಿಸುತ್ತಿದ್ದ.

"ನಮಗೆ ಎಂತದೂ ತಂದಿಲ್ವಾ?" ಒಂದು ದಿನ ಯಮುನಾ ಬಾಯಿತಪ್ಪಿ ಕೇಳಿಬಿಟ್ಟಳು.

ಅವನು ತಲೆ ಎತ್ತಲಿಲ್ಲ. "ಎಂತ ತರ್ಲಿ ಹೇಳಿ."

ಅವಳಿಗೆ ಕಿವಿಯವರೆಗೂ ಬಿಸಿಯಾಯಿತು. ಮಜ್ಜಿಗೆಯ ಲೋಟ ಎತ್ತಿಕೊಂಡು ಒಳಗೆ ನಡೆದಳು.

*ಇವನ ಹತ್ರ ಹೀಗೆಲ್ಲ ಕೇಳೋಕೆ ನಾನ್ಯಾರು?*

ಊರು ಖಾಲಿಯಾಗುತ್ತ ಬಂತು. ಪಕ್ಕದ ಮನೆಯ ಕೆರಿಯಮ್ಮ, ತಾಯಿ ಸತ್ತ ಮೇಲೆ ಯಮುನಾಗೆ ಜಡೆ ಹಾಕಿ ಬೆಳೆಸಿದವಳು. ಹೊಸ ಜಾಗದಲ್ಲೂ ಅಕ್ಕಪಕ್ಕದಲ್ಲೇ ಇರಬೇಕೆಂದು ಎರಡು ಮನೆಯವರೂ ಒಟ್ಟಿಗೆ ಹೊರಡುವುದೆಂದು ಮಾತಾಗಿತ್ತು. ಮೊದಲು ಹೋದವರಿಗೆ ಬಾವಿ ಹತ್ತಿರದ ಜಾಗ ಸಿಗುತ್ತಿತ್ತು.

ಆ ದಿನ ಲಾರಿಗೆ ಕೆರಿಯಮ್ಮನ ಸಾಮಾನು ಮಾತ್ರ ಏರಿತು.

"ನಮ್ದು?" ಕಟ್ಟಿಟ್ಟ ಗಂಟುಗಳ ನಡುವೆ ನಿಂತು ಯಮುನಾ ಕೇಳಿದಳು.

ಕೆರಿಯಮ್ಮ ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. "ನಿಮ್ಮನೇದು ಎಲ್ಲರಿಗಿಂತ ಕಡೇಗಂತೆ ಕಣೆ. ಕಂಟ್ರಾಕ್ಟರನ ಮೇಸ್ತ್ರಿನೇ ಹೇಳ್ದ. ಆ ಡ್ರೈವರೇ ಹೇಳಿ ಹಾಗೆ ಮಾಡ್ಸಿದಾನೆ."

"ಅವ್ರು ಯಾಕೆ ಹಂಗೆ ಮಾಡ್ತಾರೆ?"

"ನೀನೇ ಯೋಚ್ನೆ ಮಾಡು. ಊರೆಲ್ಲ ಖಾಲಿಯಾದ್ಮೇಲೆ ಒಂಟಿ ಮನೆ, ವಯಸ್ಸಾದ ಅಪ್ಪ, ಮದುವೆಯಾಗದ ಹುಡುಗಿ... ದಿನಾ ಮಜ್ಜಿಗೆ ಕೊಟ್ಟು ಕೂರ್ಸಿದ್ದು ನೀವೇ ಅಲ್ಲನಾ?"

ಯಮುನಾ ನೇರವಾಗಿ ಲಾರಿಯ ಬಳಿ ಹೋದಳು. ಜಯಪ್ಪ ಹಗ್ಗ ಬಿಗಿಯುತ್ತಿದ್ದ.

"ನಮ್ಮನೇದು ಕಡೇಗೆ ಅಂತ ಹೇಳಿದ್ದು ನೀವಾ?"

ಅವನ ಕೈ ನಿಂತಿತು. "ಹೌದು."

"ಯಾಕೆ?"

ಅವನು ಜಗಲಿಯತ್ತ ನೋಡಿದ. ಬೆಳ್ಳಪ್ಪ ಕೆಂಚನ ತಲೆ ಸವರುತ್ತ ಕೂತಿದ್ದ. ಈ ಕಡೆ ನೋಡಲಿಲ್ಲ.

"ಈಗ ಹೇಳಕ್ಕಾಗಲ್ಲ."

*ಕೆರಿಯಮ್ಮ ಅಂದಂಗೆ ಅಲ್ಲ ಅನ್ನು. ಸುಳ್ಳಾದರೂ ಸರಿ, ಅಲ್ಲ ಅಂತ ಒಂದು ಮಾತು ಹೇಳು...* ಅವಳ ಒಳಗು ಬೇಡುತ್ತಿತ್ತು. ಅವನು ಹೇಳಲಿಲ್ಲ.

"ಹಂಗಾದ್ರೆ ಇನ್ಮೇಲೆ ನಮ್ಮ ಜಗಲಿ ಹತ್ತಬೇಡಿ."

ಜಯಪ್ಪ ತಲೆಯಾಡಿಸಿದ. ಕೆರಿಯಮ್ಮ ಅಳುತ್ತ ಲಾರಿ ಹತ್ತಿದಳು. ಅದು ಏರು ದಾಟಿ ಮರೆಯಾಗುವವರೆಗೂ ಯಮುನಾ ಅಲ್ಲೇ ನಿಂತಿದ್ದಳು. ಯಾರಿಗಾಗಿ ಅಳು ಬರುತ್ತಿದೆ ಎಂದು ಅವಳಿಗೇ ಗೊತ್ತಾಗಲಿಲ್ಲ.

ಆಮೇಲಿನ ದಿನಗಳು ವಿಚಿತ್ರವಾಗಿದ್ದವು. ಮನೆಗಳ ಹೆಂಚು, ಬಾಗಿಲು, ಪಕಾಸು ಎಲ್ಲ ಹೋಗಿ ಬರೀ ಗೋಡೆಗಳು ನಿಂತಿದ್ದವು. ಕೂಗಿದರೆ ಓಗೊಡುವವರಿಲ್ಲ.

ಗದ್ದೆಯಲ್ಲಿ ಮಾಡಲು ಕೆಲಸವಿರಲಿಲ್ಲ. ಮುಳುಗುವ ನೆಲವನ್ನು ಉತ್ತು ಏನು ಮಾಡುವುದು? ಹುಟ್ಟಿದಾಗಿನಿಂದ ಅಪ್ಪನ ಬೆನ್ನನ್ನೇ ಹೆಚ್ಚು ಕಂಡಿದ್ದ ಯಮುನಾ, ಈಗ ಮೊದಲ ಬಾರಿಗೆ ಇಡೀ ದಿನ ಅವನ ಮುಖ ನೋಡುತ್ತಿದ್ದಳು. ಇಬ್ಬರೂ ಒಟ್ಟಿಗೆ ಉಣ್ಣುತ್ತಿದ್ದರು. ಬಿಸಿಲು ಇಳಿದ ಮೇಲೆ ಬೆಳ್ಳಪ್ಪ ಕೆಂಚನನ್ನು ಹೆಗಲ ಮೇಲೆ ಹೊತ್ತು ಹೊಳೆಗೆ ಒಯ್ಯುತ್ತಿದ್ದ. ಅವಳು ನೀರು ಮೊಗೆದು ಹಾಕಿದರೆ ಅವನು ಮೈ ತಿಕ್ಕುತ್ತಿದ್ದ.

"ನಿನ್ನವ್ವ ಇವನ್ನ ಸೆರಗಲ್ಲಿ ಕಟ್ಕಂಡು ಬಂದಿದ್ಳು," ಅಂದ ಒಂದು ಸಂಜೆ. "ನಾನು ಬೈದೆ. ನಮಗೇ ಗಂಜಿ ಇಲ್ಲ, ನಾಯಿಗೆಲ್ಲಿಂದ ಅಂತ. ನನ್ನ ಪಾಲಿಂದು ಕೊಡ್ತೀನಿ, ನಿಮಗೆಂತ ಅಂದ್ಳು."

"ಅವ್ವ ಹಂಗೆ ಅಂದಿದ್ಳಾ?"

"ಹಂಗೇ ಅಂದಿದ್ಳು. ಅವ್ಳು ಹೋದ್ಮೇಲೆ ತಿಂಗ್ಳುಗಟ್ಲೆ ಬಾಗಿಲಲ್ಲೇ ಮಲಗಿತ್ತು ಇದು. ನಾನಾದ್ರೂ ಗದ್ದೆಗೆ ಹೋದೆ. ಇದು ಎಲ್ಲಿಗೂ ಹೋಗ್ಲಿಲ್ಲ."

ತಾಯಿಯ ಬಗ್ಗೆ ಅಪ್ಪ ಇಷ್ಟು ಮಾತಾಡಿದ್ದನ್ನು ಯಮುನಾ ಕೇಳಿಯೇ ಇರಲಿಲ್ಲ. ಒಳಗೊಳಗೇ ಅವಳಿಗೆ ಗೊತ್ತಿತ್ತು, ಕೆರಿಯಮ್ಮನ ಜೊತೆ ಹೋಗಿದ್ದರೆ ಈ ಸಂಜೆಗಳು ಇರುತ್ತಿರಲಿಲ್ಲ... ಆದರೆ ಹಾಗೆ ಅಂದುಕೊಂಡ ಕೂಡಲೇ ಜಯಪ್ಪನ ನೆನಪಾಗಿ ಮನಸ್ಸು ಕಹಿಯಾಗುತ್ತಿತ್ತು.

ಅವನು ಬರುತ್ತಿದ್ದ. ಲಾರಿಯನ್ನು ಏರಿನಲ್ಲೇ ನಿಲ್ಲಿಸಿ, ಅಂಗಳದ ಅಂಚಿನಲ್ಲೇ ನಿಂತು ಬೆಳ್ಳಪ್ಪನ ಜೊತೆ ಏನೋ ಮಾತಾಡಿ, ಬನ್ನಿನ ಪೊಟ್ಟಣ ಕೊಟ್ಟು ಹೋಗುತ್ತಿದ್ದ. ಯಮುನಾ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಅವನು ಒಮ್ಮೆಯೂ ಅವಳೆಲ್ಲಿ ಎಂದು ಕೇಳಲಿಲ್ಲ. ಜಗಲಿ ಹತ್ತಬೇಡಿ ಅಂದವಳು ಅವಳೇ. ಆದರೂ ಕೇಳಲಿಲ್ಲವಲ್ಲ ಎಂದು ಎದೆ ಭಾರವಾಗುತ್ತಿತ್ತು.

ಕೆಂಚ ಉಣ್ಣುವುದನ್ನು ಬಿಟ್ಟಿತು. ಬನ್ನು ನೆನೆಸಿಟ್ಟರೂ ಮೂಸಿ ತಲೆ ತಿರುಗಿಸಿತು. ಯಮುನಾ ಬೆರಳಿಗೆ ಹಾಲು ಹಚ್ಚಿ ನಾಲಗೆಗೆ ಸವರಿದಳು. ಅವಳಿಂದ ಆಗುತ್ತಿದ್ದದ್ದು ಅಷ್ಟೇ.

ಒಂದು ಮಧ್ಯಾಹ್ನ, ಅಂಗಳದ ಬಿಸಿಲಲ್ಲಿ, ಬೆಳ್ಳಪ್ಪನ ತೊಡೆಯ ಮೇಲೆ ತಲೆಯಿಟ್ಟು ಕೆಂಚ ಉದ್ದಕ್ಕೆ ಉಸಿರು ಬಿಟ್ಟಿತು. ಮತ್ತೆ ಎಳೆದುಕೊಳ್ಳಲಿಲ್ಲ.

ಹೆಂಡತಿ ಸತ್ತಾಗಲೂ ಮಗಳ ಮುಂದೆ ಅತ್ತಿರದಿದ್ದ ಬೆಳ್ಳಪ್ಪ ಅಂದು ಬಿಕ್ಕಿಬಿಕ್ಕಿ ಅತ್ತ. ಯಮುನಾ ಅವನ ಬೆನ್ನು ಸವರುತ್ತ ಕೂತಳು.

"ಮಗಾ... ನಾನೊಂದು ಹೇಳ್ಬೇಕು."

"ಹೇಳು ಅಪ್ಪಯ್ಯ."

"ಲಾರಿ ಕಡೇಗೆ ಬರ್ಲಿ ಅಂತ ಕೇಳ್ಕಂಡಿದ್ದು ನಾನು. ಜಯಪ್ಪ ಅಲ್ಲ."

ಅವಳ ಕೈ ಅಲ್ಲೇ ನಿಂತಿತು.

"ಇವನ್ನ ಲಾರಿ ಹತ್ತಿಸಿದ್ರೆ ದಾರೀಲೇ ಜೀವ ಬಿಡ್ತಿದ್ದ. ಉಳಿದಿದ್ರೂ ಕಣ್ಣು ಕಾಣ್ದೆ, ಕಿವಿ ಕೇಳ್ದೆ, ವಾಸ್ನೆ ಗೊತ್ತಿಲ್ದಿದ್ ಜಾಗದಲ್ಲಿ ಮನೆ ಹುಡುಕ್ತಾ ಅಲೀತಿದ್ದ. ಇಲ್ಲೇ ಇವನ ಕಾಲ ಮುಗೀಲಿ ಅಂತ... ಆ ಹುಡ್ಗನ ಕೈ ಹಿಡ್ಕಂಡು ಕೇಳ್ದೆ. ಯಾರಿಗೂ ಹೇಳ್ಬೇಡ ಅಂತ ಮಾತು ತಗಂಡೆ."

"ನನಗೂ ಹೇಳ್ಬಾರ್ದಾಗಿತ್ತಾ?"

"ಎಂತ ಹೇಳ್ಲಿ? ನಾಯಿಗೋಸ್ಕರ ಮಗಳಿಗೆ ಬಾವಿ ಹತ್ರದ ಜಾಗ ತಪ್ಪಿಸ್ದೆ ಅಂತ್ಲಾ? ನೀನು ಅವನಿಗೆ ಬೈದಾಗ ಎದ್ದು ಬಂದು ಹೇಳ್ಬೇಕು ಅಂತ ಇತ್ತು. ನಾಚ್ಕೆಯಾಯ್ತು ಮಗಾ."

ಹಗ್ಗ ಹಿಡಿದು ತಲೆಯಾಡಿಸಿದ ಜಯಪ್ಪನ ಮುಖ ಯಮುನಾಳ ಕಣ್ಣ ಮುಂದೆ ಬಂತು. ಅಷ್ಟು ದೊಡ್ಡ ಮಾತು ಕೇಳಿಸಿಕೊಂಡೂ ಅವನು ಬಾಯಿ ಬಿಡಲಿಲ್ಲ.

ಹಿತ್ತಲ ಹಲಸಿನ ಮರದಡಿ ಕೆಂಚನನ್ನು ಮಣ್ಣು ಮಾಡಿದರು. ಆ ಸಂಜೆಯೇ ಮೊದಲ ಮಳೆ ಬಿತ್ತು.

ಮಳೆ ಬಿಟ್ಟುಬಿಟ್ಟು ಬರತೊಡಗಿತು. ಹೊಳೆ ಕೆಂಪಾಯಿತು, ನೀರು ಹಿಂದಕ್ಕೆ ಸರಿಯದೆ ದಿನದಿಂದ ದಿನಕ್ಕೆ ಗದ್ದೆಯ ಅಂಚಿನತ್ತ ಬರುತ್ತಿತ್ತು. ಬರಬೇಕಿದ್ದ ಲಾರಿ ಬರಲಿಲ್ಲ.

"ದಾರಿ ಕೆಸರಾಗಿದೆ. ಲಾರಿ ಇಳಿಯಲ್ಲ," ಅಂದ ಬೆಳ್ಳಪ್ಪ. "ನನ್ನಿಂದಾಗಿ ನಿನ್ನ ಇಲ್ಲಿ ಸಿಕ್ಕಿಸ್ದೆ."

"ಹಂಗನ್ಬೇಡ ಅಪ್ಪಯ್ಯ. ನಡ್ಕಂಡು ಹೋಗಣ."

"ಹಸು, ಕರು, ಭತ್ತದ ಮೂಟೆ, ಇಷ್ಟೆಲ್ಲ ಹೊತ್ಕಂಡಾ?"

ಅವಳು ಏರನ್ನೇ ನೋಡುತ್ತ ನಿಂತಳು. *ಬರಬೇಡ ಅಂದವಳು ನಾನೇ. ಈಗ ಯಾವ ಮುಖ ಇಟ್ಟುಕೊಂಡು ಕಾಯಲಿ?*

ಮಳೆ ನಿಂತು ಹೊಳವಾದ ಒಂದು ಬೆಳಿಗ್ಗೆ ಏರಿನಲ್ಲಿ ಒಬ್ಬ ಮನುಷ್ಯ ಕಂಡ. ಮೊಣಕಾಲವರೆಗೆ ಕೆಸರು, ತಲೆಗೆ ಗೋಣಿಕೊಪ್ಪೆ. ಅಂಗಳಕ್ಕೆ ಬಂದವನು ಜಗಲಿಯ ಕೆಳಗೇ ನಿಂತ.

"ಲಾರಿ ಮೇಲೆ ನಿಲ್ಸಿದೀನಿ. ಇಳಿಸಿದ್ರೆ ಮತ್ತೆ ಏರಲ್ಲ. ಕಂಟ್ರಾಕ್ಟರು ಇಲ್ಲಿಗೆ ಕಳ್ಸಕ್ಕೆ ಒಪ್ಪಿರ್ಲಿಲ್ಲ, ಅದ್ಕೇ ತಡ ಆಯ್ತು. ಸಾಮಾನು ಹೊತ್ತೇ ಸಾಗಿಸ್ಬೇಕು." ಆಮೇಲೆ ಅಂಗಳದಲ್ಲೆಲ್ಲ ಕಣ್ಣಾಡಿಸಿ ಮೆಲ್ಲಗೆ ಕೇಳಿದ, "ಕೆಂಚ?"

ಯಮುನಾ ಹಲಸಿನ ಮರದತ್ತ ನೋಡಿದಳು.

ಜಯಪ್ಪ ಹೋಗಿ ಆ ಹೊಸ ಮಣ್ಣಿನ ಪಕ್ಕ ಕೂತ. ಅವಳೂ ಹಿಂದೆಯೇ ಹೋದಳು.

"ಅಪ್ಪಯ್ಯ ಎಲ್ಲ ಹೇಳಿದ್ರು," ಅಂದಳು. "ನಾನು ಬಾಯಿಗೆ ಬಂದಿದ್ದು ಅಂದ್ಬಿಟ್ಟೆ ನಿಮಗೆ. ನೀವಾದ್ರೂ ಒಂದು ಮಾತು..."

"ಹೇಳಿದ್ರೆ ನೀವು ಅಪ್ಪಯ್ಯನ ಜೊತೆ ಜಗಳ ಆಡ್ತಿದ್ರಿ. ಇದ್ದ ನಾಕು ದಿನ ಮೂರು ಜನ ಚೆನ್ನಾಗಿರ್ಲಿ ಅಂತ ಸುಮ್ನಾದೆ."

"ನೀವ್ಯಾಕೆ ಅಷ್ಟು ಸಹಿಸ್ಕಂಡ್ರಿ?"

ಅವನು ಒದ್ದೆ ಮಣ್ಣನ್ನು ಬೆರಳಲ್ಲಿ ಸಮ ಮಾಡಿದ.

"ನಮ್ಮವ್ವ ಹುಷಾರಿಲ್ದೆ ಮಲಗಿದ್ದಾಗ ನಾನು ಲೋಡು ತಗಂಡು ತೀರ್ಥಹಳ್ಳಿಗೆ ಹೊರಟಿದ್ದೆ. ಇವತ್ತೊಂದಿನ ಕೂತ್ಕ ಮಗಾ ಅಂದ್ಳು. ಬಂದ್ಮೇಲೆ ಕೂರ್ತೀನಿ ಅಂದೆ. ಬಂದಾಗ ಅಂಗಳ ತುಂಬ ಜನ ಇದ್ರು." ಅವನ ದನಿ ತಗ್ಗಿತು. "ನಿಮ್ಮ ಅಪ್ಪಯ್ಯ ಕೈ ಹಿಡ್ಕಂಡಾಗ ಆಗಲ್ಲ ಅನ್ನಕ್ಕೆ ಬಾಯಿ ಬರ್ಲಿಲ್ಲ."

ಮಣ್ಣಿನ ಮೇಲಿದ್ದ ಅವನ ಕೈಯ ಪಕ್ಕ ಯಮುನಾ ತನ್ನ ಕೈ ಇಟ್ಟಳು. ಅವನು ನೋಡಿದ, ಕೈ ತೆಗೆಯಲಿಲ್ಲ.

ಮಧ್ಯಾಹ್ನದವರೆಗೂ ಮೂವರೂ ಹೊತ್ತರು. ಮೂಟೆ, ಒರಳು, ನೇಗಿಲು, ಅವ್ವನ ಮರದ ಪೆಟ್ಟಿಗೆ. ಕಡೆಗೆ ಹಸು ಕರುವನ್ನೂ ಏರಿಗೆ ಹೊಡೆದುಕೊಂಡು ಹೋಗಿ ಕಟ್ಟಿದರು. ಬೆಳ್ಳಪ್ಪ ಮಾತ್ರ ಬಾಗಿಲು ಹಾಕಬೇಕೆಂದು ಮತ್ತೆ ಕೆಳಗಿಳಿದ. ಇಬ್ಬರೂ ಅವನ ಹಿಂದೆ ಬಂದರು.

ಬಾಗಿಲು ಹಾಕಿದ. ಆದರೆ ಅಲ್ಲಿಂದ ಕದಲಲಿಲ್ಲ. ಜಗಲಿಯಲ್ಲಿ ಕೂತುಬಿಟ್ಟ.

ಗುಡ್ಡದ ಮೇಲೆ ಮೋಡ ಕಪ್ಪಾಗುತ್ತಿತ್ತು. ಯಮುನಾ ಗಾಬರಿಯಿಂದ ಜಯಪ್ಪನನ್ನು ನೋಡಿದಳು. "ಹೊರಡ್ಬೇಕಲ್ಲ?"

ಜಯಪ್ಪ ಮೋಡ ನೋಡಿದ, ಮುದುಕನನ್ನು ನೋಡಿದ. ಜಗಲಿ ಹತ್ತಿ ಅವನ ಪಕ್ಕ ಕೂತ.

"ಕೂತ್ಕಳ್ಳಿ ಸ್ವಲ್ಪ ಹೊತ್ತು. ಮಾವ ಏಳ್ತಾರೆ."

ಮಾವ ಅಂದಿದ್ದು ಅವನಿಗೆ ಗೊತ್ತಾಗಿಯೇ ಇರಲಿಲ್ಲ. ಅವಳಿಗೆ ಗೊತ್ತಾಯಿತು. ಅಪ್ಪನ ಇನ್ನೊಂದು ಮಗ್ಗುಲಲ್ಲಿ ಕೂತಳು. ಹೊಳೆಯ ಸದ್ದು ಹತ್ತಿರದಲ್ಲೇ ಕೇಳುತ್ತಿತ್ತು. ಅದನ್ನು ತಡೆಯಲು ಅಲ್ಲಿದ್ದ ಯಾರಿಂದಲೂ ಆಗುತ್ತಿರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಬೆಳ್ಳಪ್ಪ ತಾನಾಗಿಯೇ ಎದ್ದ. "ನಡೀರಿ," ಎಂದು ಹಿಂದಿರುಗಿ ನೋಡದೆ ಏರು ಹತ್ತತೊಡಗಿದ.

ಅವರಿಬ್ಬರೂ ಅವನಿಂದ ಸ್ವಲ್ಪ ಹಿಂದೆ ನಡೆದರು.

"ನಮ್ಮನ್ನ ಅಲ್ಲಿ ಇಳ್ಸಿ ಹೋಗ್ಬಿಡ್ತೀರಾ?" ಯಮುನಾ ಕೇಳಿದಳು.

"ಹೋಗ್ಬೇಕು. ಆಮೇಲೆ ಕೇಳಕ್ಕೆ ಬರ್ತೀನಿ."

"ಯಾರನ್ನ?"

"ಮೊದ್ಲು ನಿಮ್ಮನ್ನ. ಆಮೇಲೆ ಅಪ್ಪಯ್ಯನ್ನ."

"ಮೊದ್ಲಿಂದು ಇಲ್ಲೇ ಕೇಳಿ. ನಮ್ಮೂರು ಇನ್ನೂ ಇದೆ."

ಜಯಪ್ಪ ಕೆಸರಲ್ಲೇ ನಿಂತುಬಿಟ್ಟ. "ನನ್ನ ಜೊತೆ ಇರ್ತೀರಾ ಯಮುನಾ?"

"ಇರ್ತೀನಿ," ಅಂದಳು ಅವಳು. ಕಣ್ಣು ತುಂಬಿತ್ತು. "ಆದ್ರೆ ನೀವೂ ಇರ್ಬೇಕು."

"ದಿನಾ ಆಗಲ್ಲ. ಲಾರಿ ಕೆಲಸ. ಸುಳ್ಳು ಹೇಳಲ್ಲ ನಾನು."

"ಬಂದ ದಿನ?"

"ಬಂದ ದಿನ ಎಲ್ಲಿಗೂ ಹೋಗಲ್ಲ."

ಏರಿನ ತುದಿಯಿಂದ ಬೆಳ್ಳಪ್ಪ ಕೂಗುತ್ತಿದ್ದ. ಅವಳು ಕೈ ಚಾಚಿದಳು, ಅವನು ಹಿಡಿದುಕೊಂಡ.